ನಂಜನಗೂಡಿನ ಮೊದಲ ರೈಲು ನಿಲ್ದಾಣ

ಮೈಸೂರಿನಲ್ಲಿ ಚಾಮರಾಜನಗರದ ರೈಲು ಹತ್ತಿದವರು ಕಡಕೊಳ, ತಾಂಡವಪುರ, ಸುಜಾತಪುರ ದಾಟಿ ಬಂದು ಇಳಿಯುವುದು ‘ನಂಜನಗೂಡು ಟೌನ್’ನಲ್ಲಿ. ಬರೇ ‘ನಂಜನಗೂಡು’ ಎಂಬ ನಿಲ್ದಾಣ ಇಂದು ಈ ಮಾರ್ಗದಲ್ಲಿಲ್ಲ. ಹಾಗಾದರೆ ಹೆಸರಿನ ಕೊನೆಗೆ ಈ ‘ಟೌನ್’ ಏಕೆ ಬಂತು? ದಿನವೂ ಓಡಾಡುವ ವಿದ್ಯಾರ್ಥಿಗಳು ಕೂಡ ಇದನ್ನು ಕೇಳಿಕೊಂಡಂತೆ ಕಾಣುವುದಿಲ್ಲ.

1876-78ರ ಭೀಕರ ಕ್ಷಾಮದ ಕಾಲದಲ್ಲಿ ಕೈಗೊಂಡ ಬೆಂಗಳೂರು-ಮೈಸೂರು ಮೀಟರ್ ಗೇಜ್ ರೈಲುಮಾರ್ಗ 1882ರಲ್ಲಿ ಮೈಸೂರನ್ನು ಮುಟ್ಟಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ, ಅದು ನಂಜನಗೂಡಿನವರೆಗೆ ಬೆಳೆಯಿತು. ಆದರೆ ರೈಲು ಊರೊಳಗೆ ಬರಲಿಲ್ಲ. ಊರೂ ದೇವಾಲಯವೂ ಇರುವುದು ಕಪಿಲೆಯ ದಕ್ಷಿಣ ದಡದಲ್ಲಿ. ಹಳಿ ನಿಂತದ್ದು ಮೈಸೂರಿನ ಕಡೆಯ ದಡದಲ್ಲಿ. ಮೊದಲ ‘ನಂಜನಗೂಡು’ ನಿಲ್ದಾಣ ಅದೇ. ನದಿಯ ಮೇಲೆ ದಳವಾಯಿಗಳ ಕಾಲದ, 1735ರದೆಂದು ಹೇಳುವ ಕಲ್ಲಿನ ಸೇತುವೆಯಿತ್ತು. 1899ರಲ್ಲಿ ಅದರ ಮೇಲೆಯೇ ಹಳಿ ಹಾಸಿ ರೈಲನ್ನು ಪೇಟೆಗೆ ತಂದರು. ಹೀಗೆ ಹುಟ್ಟಿದ್ದು ‘ಟೌನ್’ ನಿಲ್ದಾಣ.

ನಡುವಿನ ಎಂಟು ವರ್ಷಗಳ ಬಗ್ಗೆ ನನಗೆ ಹೆಚ್ಚು ಕುತೂಹಲ. ದೊಡ್ಡ ಜಾತ್ರೆಯ ಭಕ್ತರು, ಸಂತೆಗೆ ಬಂದವರು, ಗಂಟುಮೂಟೆ ಹೊತ್ತ ಹೆಂಗಸರು ಆಚೆ ದಡದಲ್ಲಿ ಇಳಿದು, ಸೇತುವೆಯನ್ನು ನಡೆದೋ ಗಾಡಿಯಲ್ಲೋ ದಾಟಬೇಕಿತ್ತು. ಮೈಸೂರು ಸೀಮೆಯಲ್ಲಿ ಜಟಕಾ ಹೊಡೆಯುವುದು ನಮ್ಮ ಎಷ್ಟೋ ಮನೆಗಳ ಜೀವನೋಪಾಯವಾಗಿತ್ತು. ಆದರೆ ರೈಲಿನ ಚರಿತ್ರೆಯಲ್ಲಿ ದಿವಾನರ ಹೆಸರು ಸಿಗುತ್ತದೆ, ಜಟಕಾ ಸಾಬರ ಹೆಸರು ಸಿಗುವುದಿಲ್ಲ. ಇನ್ನೊಂದು ಮಾತು: ಟಿಪ್ಪು ಸುಲ್ತಾನರ ಆನೆಯ ಕಣ್ಣು ಗುಣವಾಯಿತೆಂದು ಅವರು ಇಲ್ಲಿಯ ದೇವರಿಗೆ ಪಚ್ಚೆಲಿಂಗ ಅರ್ಪಿಸಿ ‘ಹಕೀಮ್ ನಂಜುಂಡ’ ಎಂದು ಕರೆದರೆಂಬ ಪ್ರತೀತಿಯಿದೆ. ಅಂಥ ಊರಿಗೆ ಭಕ್ತರನ್ನು ಕರೆತಂದ ಗಾಡಿಗಳ ಕಥೆಯೂ ಬರೆದಿಡಬೇಕಾದದ್ದೇ.

1926ರಲ್ಲಿ ಮಾರ್ಗ ಚಾಮರಾಜನಗರ ತಲುಪಿತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾದದ್ದೂ ಅದೇ ವರ್ಷ. ಅಲ್ಲಿಂದ ಸತ್ಯಮಂಗಲದ ಕಡೆಗೆ ಒಯ್ಯುವ ಯೋಜನೆ ಕಾಡು ದಾಟಲಿಲ್ಲ. ಇತ್ತ ಅದೇ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರಕ್ಕೆ ರೈಲು ಬರಲೇ ಇಲ್ಲ. ನರಸೀಪುರದ ಹುಡುಗ-ಹುಡುಗಿಯರು ಇಂದಿಗೂ ಬಸ್ಸನ್ನೇ ನಂಬಿ ಮೈಸೂರಿನ ಕಾಲೇಜಿಗೆ ಹೋಗುತ್ತಾರೆ. ನಂಜನಗೂಡಿನ ಮಕ್ಕಳಿಗೆ ಬಸ್ಸು ತಪ್ಪಿದರೆ ರೈಲಾದರೂ ಇದೆ.

ಹಳೆಯ ಸೇತುವೆಯ ಮೇಲೆ 2007ರವರೆಗೂ ರೈಲು ಓಡಿತು. ಒಂದು ಮಗ್ಗುಲಲ್ಲಿ ಹಳಿ, ಇನ್ನೊಂದು ಮಗ್ಗುಲಲ್ಲಿ ರಸ್ತೆ. ಬ್ರಾಡ್‌ಗೇಜ್ ಆಗಿ 2008ರಲ್ಲಿ ಸಂಚಾರ ಮತ್ತೆ ಶುರುವಾದಾಗ ರೈಲು ಹೊಸ ಸೇತುವೆ ಹಿಡಿಯಿತು. ಹಳೆಯ ಸೇತುವೆಯನ್ನು ಪಾರಂಪರಿಕ ಕಟ್ಟಡವೆಂದು ಗೌರವಿಸುತ್ತಾರೆ, ಅದು ಸರಿಯೇ. ಆಚೆ ದಡದ ಮೊದಲ ನಿಲ್ದಾಣಕ್ಕೆ ಮಾತ್ರ ಒಂದು ನಾಮಫಲಕದ ಭಾಗ್ಯವೂ ಬಂದಂತಿಲ್ಲ.

ನಿಮ್ಮ ಮನೆಯಲ್ಲಿ ಜಟಕಾ ಹೊಡೆದ, ಕೂಲಿ ಮಾಡಿದ, ಗ್ಯಾಂಗ್‌ಮನ್ ಆಗಿದ್ದ ದಾದಾ, ನಾನಾ ಯಾರಾದರೂ ಇದ್ದರೆ ಅವರು ಹೇಳುತ್ತಿದ್ದ ಮಾತುಗಳನ್ನು ಹಿರಿಯರಿಂದ ಕೇಳಿ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅವನ್ನು ಅವರ ಹೆಸರಿನಲ್ಲೇ ಅಚ್ಚು ಹಾಕಬಹುದು.