ಸ್ವಯಂಚಾಲಿತ ದೃಶ್ಯ ತಪಾಸಣೆ

ಮುದ್ರಿತ ಸರ್ಕ್ಯೂಟ್ ಬೋರ್ಡುಗಳ ದೋಷಗಳನ್ನು ಕ್ಯಾಮೆರಾ, ನಿಯಂತ್ರಿತ ಬೆಳಕು ಮತ್ತು ತಂತ್ರಾಂಶದ ನೆರವಿನಿಂದ, ಬೋರ್ಡನ್ನು ಮುಟ್ಟದೆ ಪತ್ತೆಮಾಡುವ ವಿಧಾನ. ಇದರ ಇಂಗ್ಲಿಷ್ ಹೆಸರಿನ ಎಒಐ ಎಂಬ ಹ್ರಸ್ವರೂಪ ರೂಢಿಯಲ್ಲಿದೆ. ಬರಿ ಬೋರ್ಡಿನಲ್ಲಿ ತುಂಡಾದ ಅಥವಾ ಒಂದಕ್ಕೊಂದು ತಾಗಿದ ತಾಮ್ರದ ಗೆರೆಗಳನ್ನೂ, ಜೋಡಣೆಯಾದ ಬೋರ್ಡಿನಲ್ಲಿ ಬಿಟ್ಟುಹೋದ, ಓರೆಯಾದ ಇಲ್ಲವೆ ತಿರುಗುಮುರುಗಾದ ಬಿಡಿಭಾಗಗಳನ್ನೂ ಬೆಸುಗೆಯ ದೋಷಗಳನ್ನೂ ಇದು ಗುರುತಿಸುತ್ತದೆ.

ಹೋಲಿಕೆಯ ಕ್ರಮಗಳು: ದೋಷರಹಿತ ಮಾದರಿ ಬೋರ್ಡಿನ ಚಿತ್ರದೊಂದಿಗೆ ಹೋಲಿಸುವುದು ಸರಳ ಕ್ರಮ, ಆದರೆ ಬಿಡಿಭಾಗದ ಬಣ್ಣ ಅಥವಾ ಅಕ್ಷರಮುದ್ರೆ ತುಸು ಬದಲಾದರೂ ಸುಳ್ಳು ಎಚ್ಚರಿಕೆ ಬರಬಹುದು. ವಿನ್ಯಾಸ ನಿಯಮಗಳ ಕ್ರಮದಲ್ಲಿ ಗೆರೆಯ ಅಗಲ, ಅಂತರ ಮುಂತಾದವನ್ನು ನಿಗದಿತ ಮಿತಿಗಳೊಂದಿಗೆ ತಾಳೆ ನೋಡಲಾಗುತ್ತದೆ. ಯಂತ್ರಕಲಿಕೆಯ ಕ್ರಮ ಸಹಜ ವ್ಯತ್ಯಾಸಗಳನ್ನು ಸಹಿಸಿಕೊಳ್ಳುತ್ತದೆ. ಅದಕ್ಕೆ ವೈವಿಧ್ಯಮಯ ಮಾದರಿ ಚಿತ್ರಗಳು ಬೇಕು.

ಎರಡು ಮತ್ತು ಮೂರು ಆಯಾಮ: ಎರಡು ಆಯಾಮದ ಯಂತ್ರ ವೇಗದ್ದು, ಅಗ್ಗದ್ದು. ಬೇರೆ ಬೇರೆ ಕೋನಗಳಿಂದ ಬಿಡುವ ಕೆಂಪು, ಹಸಿರು, ನೀಲಿ ಬೆಳಕಿನ ಪ್ರತಿಫಲನದಿಂದ ಅದು ಬೆಸುಗೆಯ ಇಳಿಜಾರನ್ನು ಊಹಿಸುತ್ತದೆಯೇ ಹೊರತು ಎತ್ತರವನ್ನು ಅಳೆಯುವುದಿಲ್ಲ. ಮೂರು ಆಯಾಮದ ಯಂತ್ರ ಬೋರ್ಡಿನ ಮೇಲೆ ಪಟ್ಟೆಪಟ್ಟೆಯಾದ ಬೆಳಕನ್ನು ಅಥವಾ ಲೇಸರ್ ಗೆರೆಯನ್ನು ಬೀಳಿಸಿ, ಅದು ಬಾಗುವ ಪ್ರಮಾಣದಿಂದ ಎತ್ತರವನ್ನು ಲೆಕ್ಕಹಾಕುತ್ತದೆ. ಹೀಗಾಗಿ ಬಿಡಿಭಾಗಗಳ ಮೇಲೆದ್ದ ಕಾಲುಗಳು ಸ್ಪಷ್ಟವಾಗಿ ಸಿಕ್ಕಿಬೀಳುತ್ತವೆ. ಎತ್ತರದ ಬಿಡಿಭಾಗಗಳ ನೆರಳು ಅಡ್ಡಿಯಾಗದಂತೆ ಹಲವು ದಿಕ್ಕುಗಳಿಂದ ಬೆಳಕು ಹಾಯಿಸಲಾಗುತ್ತದೆ.

ಸ್ಥಾನ ಮತ್ತು ಮಿತಿ: ಬೆಸುಗೆಯನ್ನು ಕರಗಿಸುವ ರಿಫ್ಲೋ ಕುಲುಮೆಗೆ ಮುನ್ನ ತಪಾಸಣೆ ನಡೆದರೆ ದುರಸ್ತಿ ಸುಲಭ, ಆದರೆ ಬೆಸುಗೆಯ ಅಂತಿಮ ಸ್ಥಿತಿ ತಿಳಿಯುವುದು ಅನಂತರದ ತಪಾಸಣೆಯಲ್ಲೇ. ಅಡಿಭಾಗದಲ್ಲಿ ಬೆಸುಗೆಯ ಉಂಡೆಗಳಿರುವ ಬಿಜಿಎ ಚಿಪ್‌ಗಳ ಅಡಿಯಲ್ಲಿ ಮರೆಯಾದ ಬೆಸುಗೆ ಕ್ಯಾಮೆರಾಗೆ ಕಾಣದು. ಅದಕ್ಕೆ ಎಕ್ಸ್-ರೇ ತಪಾಸಣೆ ಬೇಕು. ವಿದ್ಯುತ್ ಕಾರ್ಯಕ್ಷಮತೆಯ ಪರೀಕ್ಷೆಗೂ ದೃಶ್ಯ ತಪಾಸಣೆ ಪರ್ಯಾಯವಲ್ಲ.