ಬಡವರು ಕಟ್ಟಿದ ಬೆಚ್ಚನೆಯ ನೆಲ

ನೆಲದಡಿಯಿಂದ ಮನೆಯನ್ನು ಬೆಚ್ಚಗಿಡುವ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ರೋಮ್‌ನಿಂದ ಆರಂಭಿಸುತ್ತಾರೆ. ಅಲ್ಲಿನ ಸ್ನಾನಗೃಹಗಳಲ್ಲಿ ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನೆಲವನ್ನು ನಿಲ್ಲಿಸಿ, ಅದರಡಿ ಕುಲುಮೆಯ ಬಿಸಿಗಾಳಿ ಹಾಯಿಸುತ್ತಿದ್ದರು. ಅದನ್ನು ಕಟ್ಟುವ ಕ್ರಮವನ್ನು ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿಟ್ಟಿದ್ದಾನೆ. ಆದರೆ ಆ ಕುಲುಮೆ ರಾಶಿ ರಾಶಿ ಸೌದೆ ನುಂಗುತ್ತಿತ್ತು, ಅದಕ್ಕೆ ಗುಲಾಮರ ದುಡಿಮೆಯೂ ಬೇಕಿತ್ತು. ಪಶ್ಚಿಮದ ಸಾಮ್ರಾಜ್ಯ ಕುಸಿದ ಮೇಲೆ ಅದು ಅಲ್ಲಿನ ಮನೆಗಳಿಂದ ಹೆಚ್ಚುಕಡಿಮೆ ಮರೆಯಾಯಿತು. ಕೊರಿಯಾದ ಕಥೆ ಇದಕ್ಕೆ ತದ್ವಿರುದ್ಧ. 10ನೇ ಶತಮಾನದಲ್ಲಿ ಸಂಕಲಿಸಲಾದ ಚೀನಾದ ತಾಂಗ್ ವಂಶದ ಹಳೆಯ ಚರಿತ್ರೆಯಲ್ಲಿ ಉತ್ತರ ಕೊರಿಯಾ ಸೀಮೆಯ ಗೊಗುರ್ಯೊ ರಾಜ್ಯದ ಪ್ರಸ್ತಾಪವಿದೆ. ಅಲ್ಲಿ ಬಡವರೇ ಹೆಚ್ಚು, ಚಳಿಗಾಲದಲ್ಲಿ ಅವರು ಉದ್ದನೆಯ ಕಾಲುವೆ ಮಾಡಿ ಅದರಡಿ ನಿಧಾನವಾಗಿ ಬೆಂಕಿ ಉರಿಸಿ ಮೈ ಕಾಯಿಸಿಕೊಳ್ಳುತ್ತಾರೆ ಎಂದು ಅದು ಹೇಳುತ್ತದೆ. ಬಿಸಿ ನೆಲವೆಂದರೆ ಉಳ್ಳವರ ಸೌಕರ್ಯ ಎಂಬ ಇಂದಿನ ನಂಬಿಕೆಗೆ ಈ ಒಂದು ಮಾತೇ ದೊಡ್ಡ ಪ್ರತಿಸಾಕ್ಷಿ. ಈ ಪದ್ಧತಿ ಸಾವಿರಾರು ವರ್ಷ ಬಾಳಿದ್ದು ಕಡಿಮೆ ಖರ್ಚಿನಲ್ಲಿ ಬದುಕಬೇಕಾದವರು ಅದನ್ನು ರೂಪಿಸಿದ್ದರಿಂದಲೇ ಎಂಬುದು ನನ್ನ ವಾದ.

ಕೊರಿಯನ್ನರು ಇದನ್ನು ಒಂದೊಲ್ ಎನ್ನುತ್ತಾರೆ. ಅದರ ಮಿತವ್ಯಯವೆಲ್ಲ ಕಟ್ಟಡದ ವಿವರಗಳಲ್ಲಿದೆ. ಅಡುಗೆಮನೆಯ ನೆಲ ಮಲಗುವ ಕೋಣೆಗಿಂತ ತಗ್ಗಿನಲ್ಲಿರುತ್ತಿತ್ತು. ಒಲೆಯ ಮೇಲೆ ಅನ್ನ ಬೇಯುತ್ತಿರುವಾಗಲೇ ಅದರ ಉರಿ ಮತ್ತು ಹೊಗೆ ಪಕ್ಕದ ಕೋಣೆಯ ನೆಲದಡಿಯ ಕಾಲುವೆಗಳಲ್ಲಿ ಹಾದು, ಆಚೆ ತುದಿಯ ಹೊಗೆಗೂಡಿನಿಂದ ಹೊರಬೀಳುತ್ತಿತ್ತು. ಒಂದೇ ಸೌದೆಗೆ ಎರಡು ಕೆಲಸ. ಕಾಲುವೆಗಳ ಮೇಲೆ ಕಲ್ಲುಚಪ್ಪಡಿ, ಅದರ ಮೇಲೆ ಮಣ್ಣಿನ ಗಾರೆ, ಎಲ್ಲಕ್ಕೂ ಮೇಲೆ ಎಣ್ಣೆ ಕುಡಿಸಿದ ದಪ್ಪ ಕಾಗದ. ಒಲೆಯ ಹತ್ತಿರ ದಪ್ಪ ಕಲ್ಲು, ದೂರ ಹೋದಂತೆ ತೆಳು ಕಲ್ಲು ಹಾಸುತ್ತಿದ್ದರು. ಉರಿಯ ಬಳಿ ನೆಲ ಸುಡಬಾರದು, ದೂರದ ತುದಿ ತಣ್ಣಗೂ ಉಳಿಯಬಾರದು ಎಂಬುದು ಅದರ ಲೆಕ್ಕ. ಸಂಜೆಯ ಅಡುಗೆಯ ಬಿಸಿ ಕಲ್ಲಿನೊಳಗೆ ಇಳಿದು ರಾತ್ರಿಯಿಡೀ ಮೆಲ್ಲಗೆ ಹೊರಬರುತ್ತಿತ್ತು. ಜನ ನೆಲದ ಮೇಲೇ ಕೂತು, ಉಂಡು, ಮಲಗುತ್ತಿದ್ದುದರಿಂದ ಮಾಡಿನವರೆಗಿನ ಗಾಳಿಯನ್ನೆಲ್ಲ ಕಾಯಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಒಲೆಯ ಬದಿಯ ಅತಿ ಬೆಚ್ಚನೆಯ ಜಾಗ ಹಿರಿಯರಿಗೆ ಮೀಸಲು. ತಡವಾಗಿ ಮನೆಗೆ ಬರುವವರ ಅನ್ನದ ಬಟ್ಟಲನ್ನು ಅಲ್ಲೇ ಹೊದಿಕೆಯಡಿ ಮುಚ್ಚಿಡುತ್ತಿದ್ದರು.

ಇಷ್ಟು ಮಿತವ್ಯಯದ ಪದ್ಧತಿಯಾದರೆ ಕೊರಿಯಾದ ಗುಡ್ಡಗಳು ಬೋಳಾದದ್ದೇಕೆ ಎಂದು ಕೇಳಬಹುದು. ಗಂಭೀರವಾದ ಪ್ರಶ್ನೆಯಿದು. ಕೊರಿಯಾದ ಜೋಸೊನ್ ರಾಜವಂಶದ ಆಳ್ವಿಕೆಯ ಮೊದಲ ಭಾಗದಲ್ಲಿ ಒಂದೊಲ್ ಕೋಣೆ ಸಿರಿವಂತರ ಮನೆಗಳಲ್ಲಿ ಮುದುಕರಿಗೆ, ರೋಗಿಗಳಿಗೆ ಸೀಮಿತವಾಗಿತ್ತು. 17ನೇ ಶತಮಾನದ ಕಡು ಚಳಿಯ ದಿನಗಳಲ್ಲಿ ಅದು ಎಲ್ಲ ಕೋಣೆಗಳಿಗೂ, ದಕ್ಷಿಣದ ಊರುಗಳಿಗೂ ಹರಡಿತು. ಪೈನ್ ಮರ ಕಡಿಯದಂತೆ ಅರಮನೆ ನಿರ್ಬಂಧ ಹೇರಿದ್ದರೂ ಕಾಡು ಕರಗುತ್ತಲೇ ಹೋಯಿತು. ಹಡಗು, ಕಟ್ಟಡ, ಗುಡ್ಡ ಸುಟ್ಟು ಮಾಡುವ ಬೇಸಾಯಗಳ ಪಾಲೂ ಅದರಲ್ಲಿತ್ತು. ಆದರೂ ಒಂದೊಲ್‌ನ ಹೊಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಅಡುಗೆಯ ಬೆಂಕಿಯೇ ಸಾಕಾಗುವಷ್ಟು ಚಿಕ್ಕ ಕೋಣೆಗೆಂದು ಹುಟ್ಟಿದ ಪದ್ಧತಿಯನ್ನು ಅಡುಗೆಯೇ ನಡೆಯದ ಕೋಣೆಗಳಿಗೂ ವಿಸ್ತರಿಸಿ, ಕೇವಲ ಬಿಸಿಗಾಗಿ ಸೌದೆ ಒಟ್ಟತೊಡಗಿದಾಗ ಹಳೆಯ ಲೆಕ್ಕ ತಪ್ಪಿತು.

ಎರಡನೆಯ ಆಕ್ಷೇಪ ಇನ್ನೂ ನೋವಿನದು. 1950ರ ದಶಕದಿಂದ ಸೌದೆಯ ಜಾಗಕ್ಕೆ ತೂತುಗಳಿರುವ ಕಲ್ಲಿದ್ದಲ ಬಿಲ್ಲೆ ಬಂತು. ಗುಡ್ಡಗಳ ಮೇಲಿನ ಒತ್ತಡ ಇಳಿಯಿತು; 1973ರಲ್ಲಿ ಶುರುವಾದ ಹತ್ತು ವರ್ಷಗಳ ಅರಣ್ಯ ಯೋಜನೆಯೂ ಸೇರಿ ಮರಗಳು ಮತ್ತೆ ಎದ್ದವು. ಆದರೆ ಬಿರುಕುಬಿಟ್ಟ ನೆಲದಿಂದ ಒಸರಿದ ಕಾರ್ಬನ್ ಮಾನಾಕ್ಸೈಡ್, ಮಲಗಿದ್ದ ಕುಟುಂಬಗಳನ್ನು ನಿದ್ದೆಯಲ್ಲೇ ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಹೆಚ್ಚಿನವರು ಹಳೆಯ ಮನೆಗಳ, ಬಾಡಿಗೆ ಕೋಣೆಗಳ ಬಡವರು. ಬೆಂಕಿಯ ಹೊಗೆಯನ್ನೇ ಮಲಗುವ ನೆಲದಡಿ ಹಾಯಿಸುವುದು ಈ ಪದ್ಧತಿಯ ಮೂಲದಲ್ಲೇ ಇದ್ದ ಅಪಾಯ. ಕಲ್ಲಿದ್ದಲು ಅದನ್ನು ಮಾರಕವಾಗಿಸಿತು.

ಪರಿಹಾರದ ಎಳೆ ಸಿಕ್ಕಿದ್ದು ಬೇರೆಡೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1910ರ ದಶಕದ ಒಂದು ಚಳಿಗಾಲದಲ್ಲಿ ಟೋಕಿಯೋದ ಶ್ರೀಮಂತರೊಬ್ಬರ ಮನೆಯ ಕೊರಿಯನ್ ಕೋಣೆಯಲ್ಲಿ ಕೂತು ಈ ಬೆಚ್ಚನೆಯ ನೆಲಕ್ಕೆ ಮಾರುಹೋದ. ಮುಂದೆ ಅಮೆರಿಕದ ಮ್ಯಾಡಿಸನ್‌ನಲ್ಲಿ ಪತ್ರಕರ್ತರೊಬ್ಬರಿಗೆ ಕಟ್ಟಿಕೊಟ್ಟ, 1937ರಲ್ಲಿ ಮುಗಿದ ಜೇಕಬ್ಸ್ ಮನೆಯಲ್ಲಿ ಕಾಂಕ್ರೀಟ್ ನೆಲದಡಿ ಕೊಳವೆಗಳನ್ನು ಹಾಸಿದ. ರೈಟ್‌ನ ಶುಲ್ಕವೂ ಸೇರಿ ಆ ಮನೆಯ ವೆಚ್ಚ ಸುಮಾರು 5,500 ಡಾಲರ್. ಮಧ್ಯಮ ವರ್ಗದವರ ಕೈಗೆಟುಕುವ ಮನೆಯಲ್ಲಿ ಅವನು ಇದನ್ನು ಅಳವಡಿಸಿದ ಎಂಬುದನ್ನು ಗಮನಿಸಬೇಕು. ಮುಂದೆ ಕೊರಿಯಾದ ಅಪಾರ್ಟ್‌ಮೆಂಟ್‌ಗಳ ನೆಲದಡಿಯಲ್ಲೂ ಬಿಸಿನೀರಿನ ಕೊಳವೆಗಳು ಹರಡಿಕೊಂಡವು. ಹೊಗೆ ಕೋಣೆಯಡಿಯಿಂದ ಹೊರಹೋಯಿತು, ಬಿಸಿ ಉಳಿಯಿತು. ನೆಲ ಬಿಸಿಯಾಗಲು ಹೊತ್ತು ಹಿಡಿಯುತ್ತದೆ ಎಂಬ ದೂರು ನಿಜ. ಅಷ್ಟೇ ನಿಧಾನವಾಗಿ ಅದು ಆರುತ್ತದೆ ಕೂಡ. ಅಗಲವಾದ ನೆಲ ಪೂರ್ತಿ ಬಿಸಿ ಬೀರುವುದರಿಂದ ಗೋಡೆಯ ರೇಡಿಯೇಟರ್‌ಗೆ 60-70 ಡಿಗ್ರಿ ನೀರು ಬೇಕಾದಲ್ಲಿ ಇಲ್ಲಿ 35-45 ಡಿಗ್ರಿ ಸಾಕು. ನೀರು ಅಷ್ಟು ಕಡಿಮೆ ಬಿಸಿಯಲ್ಲಿದ್ದಾಗಲೇ ಹೊರಗಿನ ಬಿಸಿಯನ್ನು ಮನೆಯೊಳಗೆ ಸಾಗಿಸುವ ಇಂದಿನ ಹೀಟ್ ಪಂಪ್ ಅತಿ ಕಡಿಮೆ ವಿದ್ಯುತ್ ಬಳಸುತ್ತದೆ. ಆದರೆ ಗೋಡೆ, ಮಾಡು, ನೆಲದ ತಳಗಳಿಗೆ ಚಳಿ ತಡೆಯುವ ಹೊದಿಕೆ ಇರಲೇಬೇಕು. ಅದಿಲ್ಲದ ಮನೆಯಲ್ಲಿ ಕೊಳವೆಗಳ ನೀರನ್ನು ಮತ್ತೆ ಮತ್ತೆ ಹೆಚ್ಚು ಕಾಯಿಸಬೇಕಾಗುತ್ತದೆ, ಬಿಲ್ಲೂ ಏರುತ್ತದೆ.