ಪ್ರೆಸ್‌ನೋರು 300 ಡಿಪಿಐ ಯಾಕೆ ಕೇಳ್ತಾರೆ? (ಇತಿಹಾಸ ಸರಣಿ, ಭಾಗ 7)

ಕಾಲೇಜಿನ ವಾರ್ಷಿಕ ಸಂಚಿಕೆಗೆ ಫೋಟೋ ಕಳಿಸ್ತಿರೋರೆಲ್ಲ ಇದನ್ನ ಪೂರ್ತಿ ಓದಿ. "300 ಡಿಪಿಐ ಬೇಕು, ಸಿಎಂವೈಕೆ ಮಾಡಿ, ಪಿಡಿಎಫ್ ಕೊಡಿ" ಅಂತ ಪ್ರೆಸ್‌ನೋರು ಹೇಳೋದು ಹಟಕ್ಕಲ್ಲ. ಒಂದೊಂದು ಮಾತಿಗೂ ಒಂದೊಂದು ಇತಿಹಾಸ ಇದೆ.

ಮೊದಲು 300. ಅಚ್ಚಿನ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಕಾಗದದ ಮೇಲೆ ಮಸಿ ಬೀಳುತ್ತೆ, ಇಲ್ಲಾ ಬೀಳಲ್ಲ. ಹಾಗಾದ್ರೆ ಫೋಟೋದ ನೆರಳು-ಬೆಳಕು ಹೇಗೆ ಬರ್ಬೇಕು? 1880ರ ದಶಕದಲ್ಲಿ ಯುರೋಪ್, ಅಮೆರಿಕದಲ್ಲಿ ಸಿಕ್ಕ ಉತ್ತರ ಹಾಫ್‌ಟೋನ್. ಗೆರೆ ಕೊರೆದ ಗಾಜಿನ ಮೂಲಕ ಚಿತ್ರವನ್ನ ಚುಕ್ಕಿಗಳಾಗಿ ಒಡೆಯೋದು. ಚುಕ್ಕಿ ದೊಡ್ಡದಾದ್ರೆ ಕಪ್ಪು, ಚಿಕ್ಕದಾದ್ರೆ ತಿಳಿ. ಇವತ್ತಿನ ಪೇಪರಿನ ಫೋಟೋನ ಮೊಬೈಲಲ್ಲಿ ಜೂಮ್ ಮಾಡಿ, ಚುಕ್ಕಿ ಕಾಣುತ್ತೆ.

ನಮ್ಮ ದೇಶದಲ್ಲಿ ಇದನ್ನ ಪಳಗಿಸಿದವರು ಕಲ್ಕತ್ತೆಯ ಉಪೇಂದ್ರಕಿಶೋರ್ ರಾಯ್‌ಚೌಧುರಿ, ಸತ್ಯಜಿತ್ ರಾಯ್ ಅವರ ತಾತ. ಮಕ್ಕಳಿಗೆ ಬರೆದ ರಾಮಾಯಣದಲ್ಲಿ ತಮ್ಮ ಚಿತ್ರಗಳು ಮರದಚ್ಚಿನಲ್ಲಿ ಕೆಟ್ಟದಾಗಿ ಬಂದಿದ್ದು ಅವರಿಗೆ ಬೇಸರ ತಂದಿತ್ತು. ಇಂಗ್ಲೆಂಡಿನಿಂದ ಕ್ಯಾಮೆರಾ, ಸಲಕರಣೆ ತರಿಸಿ, ತಾವೇ ಪ್ರಯೋಗ ಮಾಡಿ, 1895ರಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. ಆಮೇಲೆ ಹಾಫ್‌ಟೋನ್ ಬಗ್ಗೆ ಅವರು ಬರೆದ ಲೇಖನಗಳನ್ನ ಲಂಡನ್ನಿನ ಮುದ್ರಣ ವಾರ್ಷಿಕವೇ ಪ್ರಕಟಿಸಿತು!

ಆ ಗಾಜಿನ ಗೆರೆಯ ಲೆಕ್ಕವೇ ಇವತ್ತಿಗೂ ನಡೀತಿರೋದು. ಒಳ್ಳೆ ಕಾಗದಕ್ಕೆ ಸಾಮಾನ್ಯವಾಗಿ ಇಂಚಿಗೆ 150 ಸಾಲು ಚುಕ್ಕಿ. ಸಾಲಿಗೆ ಎರಡು ಪಿಕ್ಸೆಲ್ ಅಂತ ಹಿಡಿದ್ರೆ 300. ಈ ಆ್ಯಪ್‌ನಲ್ಲಿರೋ 1080 ಪಿಕ್ಸೆಲ್ ಅಗಲದ ಫೋಟೋನ 300ರಿಂದ ಭಾಗಿಸಿ: 3.6 ಇಂಚು, ಅಷ್ಟೇ. ಎ4 ಪುಟ ತುಂಬಬೇಕಾದ್ರೆ 2480 × 3508 ಪಿಕ್ಸೆಲ್ ಬೇಕು. ಫೈಲಲ್ಲಿ ಬರೀ "300" ಅಂತ ಸಂಖ್ಯೆ ಬದಲಾಯಿಸಿದ್ರೆ ಇಲ್ಲದ ವಿವರ ಹುಟ್ಟಲ್ಲ.

ಇನ್ನು ಬಣ್ಣ. ಮೊಬೈಲ್ ಪರದೆ ಬೆಳಕು ಬಿಡುತ್ತೆ, ಮಸಿ ಬೆಳಕನ್ನ ಹೀರುತ್ತೆ. 18ನೇ ಶತಮಾನದ ಶುರುವಿನಲ್ಲೇ ಲೆ ಬ್ಲಾನ್ ಅನ್ನೋರು ಮೂರು ಬಣ್ಣದ ತಗಡುಗಳನ್ನ ಒಂದರ ಮೇಲೊಂದು ಅಚ್ಚು ಹಾಕಿ, ಆಮೇಲೆ ಕಪ್ಪನ್ನೂ ಸೇರಿಸಿದ್ರು. ಸಿಎಂವೈಕೆಯ ಬೇರು ಅಲ್ಲಿದೆ. ಪರದೆಯಲ್ಲಿ ಮಿಂಚೋ ಗಿಳಿಹಸಿರು ಕಾಗದದಲ್ಲಿ ಮಂಕಾಗೋದು ಇದಕ್ಕೇ.

ಪಿಡಿಎಫ್ ಬಂದಿದ್ದು 1993ರಲ್ಲಿ. ಅದಕ್ಕೂ ಮುಂಚೆ ಫೈಲ್ ಜೊತೆ ಫಾಂಟ್ ಕೊಡದಿದ್ರೆ ಪ್ರೆಸ್ಸಿನ ಕಂಪ್ಯೂಟರಲ್ಲಿ ಪುಟವೇ ಬದಲಾಗ್ತಿತ್ತು. ಹಳೇ ನುಡಿ, ಬರಹ ಫಾಂಟಿನ ಫೈಲು ಆ ಫಾಂಟ್ ಇಲ್ಲದ ಕಡೆ ತೆರೆದವರಿಗೆ ಗೊತ್ತು, ಕನ್ನಡ ಹೋಗಿ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ! ಫಾಂಟನ್ನ ಒಳಗೇ ಸೇರಿಸಿದ ಪಿಡಿಎಫ್‌ನಲ್ಲಿ ಈ ತೊಂದರೆ ಇಲ್ಲ. 2001ರಲ್ಲಿ ಮುದ್ರಣಕ್ಕೆ ಅಂತಲೇ ಪಿಡಿಎಫ್/ಎಕ್ಸ್ ಅನ್ನೋ ಐಎಸ್ಒ ಮಾನದಂಡವೂ ಬಂತು.

ಕಾಮರ್ಸ್‌ನೋರಿಗೆ ಒಂದು ಮಾತು: ಆಫ್‌ಸೆಟ್‌ನಲ್ಲಿ ಪ್ಲೇಟ್ ಖರ್ಚು ನಾವು ಓದೋ ಫಿಕ್ಸೆಡ್ ಕಾಸ್ಟ್. ಒಂದು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಫೋಟೋ ಮಸುಕಾದ್ರೆ ಮತ್ತೆ ಪ್ಲೇಟ್, ಮತ್ತೆ ಕಾಗದ. ಅಷ್ಟು ದುಡ್ಡಿಲ್ಲದಿದ್ರೆ ಆ ಮಸುಕು ಮುಖವೇ ಲೈಬ್ರರಿ ಕಪಾಟಿನಲ್ಲಿ ವರ್ಷಗಟ್ಟಲೆ ಕೂರುತ್ತೆ.

ಅದಕ್ಕೇ ಸ್ಕ್ರೀನ್‌ಶಾಟ್ ಬೇಡ. ಕ್ಯಾಮೆರಾದ ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ. ಸಂಚಿಕೆ ಗ್ರೂಪಲ್ಲಿರೋ ಗೆಳೆಯರಿಗೂ ಶೇರ್ ಮಾಡಿ.

#ಇತಿಹಾಸ #ಮುದ್ರಣ #ಕನ್ನಡ